ಮೊಣಕೈ ಗುಳಿ

ಪಾಲಿಕೆಯಿಂದ ಚೀಟಿ ಬಂದಿದೆ:
ಹಳೇಪೇಟೆಯ ಪೆಟ್ಟಿಯಂಗಡಿಗಳೆಲ್ಲ ಹದಿನೈದರೊಳಗೆ
ಬೂದು ಬಣ್ಣ ಬಳಿದುಕೊಳ್ಳತಕ್ಕದ್ದು.
ನನ್ನದಕ್ಕೆ ನಂಬರು ನೂರಾ ಹದಿನೇಳು.
ಬಳಿಯುವ ಮೊದಲು ಕೆರೆಯಬೇಕಲ್ಲ,
ವೆಲ್ಡಿಂಗ್ ಜಿಲಾನಿಯ ಹತ್ತಿರ ಚಪ್ಪಟೆ ಉಳಿ ಇಸಕೊಂಡು
ಭಾನುವಾರ ಬೆಳಗ್ಗೆಯೇ ಹೊರಗೆ ನಿಂತೆ.

ಮೊದಲು ಉದುರಿದ್ದು ನನ್ನದೇ ಕಾಲ.
ನೀಲಿ. ಅದರ ಮೇಲೆ ಕರೆನ್ಸಿ, ಸಿಮ್ಮು, ಪಾಸ್‌ಪೋರ್ಟ್ ಅಳತೆಯ ಫೋಟೊ.
ತೆಳ್ಳಗಿತ್ತು, ಉಗುರು ತಾಗಿದರೆ ಎದ್ದು ಬಂತು.
ಈಗ ಎಲ್ಲರೂ ಜೇಬಿನಲ್ಲೇ ಒಂದೊಂದು ಪೆಟ್ಟಿಯಂಗಡಿ
ಇಟ್ಟುಕೊಂಡು ತಿರುಗುತ್ತಾರೆ.
ನನ್ನ ಹತ್ತಿರ ಬರುವುದು ಅದರ ಗಾಜು ಒಡೆದಾಗ,
ಇಲ್ಲಾ ಚಿಲ್ಲರೆ ಬೇಕಾದಾಗ.

ಅದರ ಕೆಳಗೆ ಹಳದಿ. ಅಪ್ಪನ ಹಳದಿ.
ಹತ್ತಿ ಬಿಡಿಸುವ ಯಂತ್ರ ಬಲಗೈ ತಿಂದ ಮೇಲೆ
ಸರ್ಕಾರ ಕೊಟ್ಟ ಟೆಲಿಫೋನು.
'ಎಸ್ಟಿಡಿ' ಎಂದು ಎಡಗೈಯಲ್ಲಿ ತಾನೇ ಬರೆದದ್ದು,
'ಟ'ದ ಒತ್ತು ಜಾರಿ ಕೆಳಗೆ ಬಿದ್ದಿದೆ ಇನ್ನೂ.
ರಾತ್ರಿ ದರ ಇಳಿಯುವುದನ್ನೇ ಕಾಯುತ್ತಾ
ಮಂಡಕ್ಕಿ ಭಟ್ಟಿಯ ಹುಡುಗರು, ಲಾರಿ ಕ್ಲೀನರುಗಳು.
ಒಬ್ಬ ಬರೀ ಕೆಮ್ಮಿ ಇಟ್ಟುಬಿಡುತ್ತಿದ್ದ;
ಆಚೆ ಕಡೆ ಗೊತ್ತಾಗ್ತತಿ ಬಿಡ್ರಿ, ಅನ್ನುತ್ತಿದ್ದ.
ಕೆಮ್ಮಿಗೂ ಮೀಟರು ಓಡುತ್ತಿತ್ತು.
ಅದಕ್ಕೆ ಅಪ್ಪ ದುಡ್ಡು ತಗೊಂಡದ್ದು ನಾನು ನೋಡಿಲ್ಲ.
ತಗೊಂಡಿರಲೂಬಹುದು.

ಹಳದಿಯ ಅಡಿಗೆ ಕೆಂಪು, ಗುಡ್ಡಪ್ಪನ ಲಾಟರಿ.
'ಇಂದೇ ಡ್ರಾ.'
ಎಂದು? ತಾರೀಖು ಬರೆದಿಲ್ಲ, ಅದೇ ಅವನ ಜಾಣತನ.

ಇನ್ನೂ ಅಡಿಗೆ ಗಟ್ಟಿ ಹಸಿರು, ಬುಡೇನ್ ಸಾಬರದು:
ಬೀಡಿ, ಸುಣ್ಣ, ಪೆಪ್ಪರಮೆಂಟು, ಗೋಲಿ ಸೋಡ,
ಬೇಸಿಗೆಗೆ ಪಕ್ಕದಲ್ಲೊಂದು ಹೂಜಿ, ಬಿಟ್ಟಿ ಅರವಟ್ಟಿಗೆ.
ಗಿರಣಿ ಮೂರು ಪಾಳಿ ಕೂಗುತ್ತಿದ್ದ ಕಾಲ.
ಮುಷ್ಕರದ ಕರಪತ್ರ ಎಲೆಯಡಕೆಯಲ್ಲಿ ಸುತ್ತಿ ಹೋಗುತ್ತಿತ್ತಂತೆ,
ಯಾರೋ ಪುಣ್ಯಾತ್ಮ ಎಲೆಯ ಜೊತೆ ಅದನ್ನೂ ಅಗಿದು ನುಂಗಿದನೆಂದು
ಸಾಬರು ಸಾಯುವ ತನಕ ನಗುತ್ತಿದ್ದರು.

ಇಲ್ಲಿಗೆ ಉಳಿ ತಗಡು ಮುಟ್ಟಬೇಕಿತ್ತು.
ಮುಟ್ಟಿದ್ದು ಮರ.
ಕಿಂಡಿಯ ಕೆಳಗಿನದೊಂದೇ ಹಲಗೆ, ತೇಗ,
ಬೇರೆಲ್ಲಿಂದಲೋ ಕಿತ್ತು ತಂದು ಜಡಿದದ್ದು.
ಮೇಲೆ ಕೊರೆದ ಅಕ್ಷರ, ಅರ್ಧ ಸವೆದು:
'...ಗಾಡಿಗೆ ಎರಡಾಣೆ.'
ಸುಂಕದ ಚೌಕಿಯದೇ?
ಹತ್ತಿ ಹೇರಿದ ಗಾಡಿ ಇದರ ಮುಂದೆ ನಿಂತು
ಎತ್ತು ಎರಡು ಸಲ ಸಗಣಿ ಹಾಕುವಷ್ಟು ಹೊತ್ತು
ಚೌಕಾಸಿ ನಡೆದಿತ್ತೇ?
ಚೌಕಿಪೇಟೆಯಲ್ಲಿ ಹುಟ್ಟಿದವಳು ನಾನು,
ಒಂದು ಚೌಕಿಯನ್ನೂ ಕಂಡವಳಲ್ಲ.

ಐದನೇ ಕ್ಲಾಸಿನಲ್ಲಿ ದುರ್ಗದ ಕೋಟೆಗೆ ಕರೆದೊಯ್ದಾಗ
ಬಾಗಿಲ ಪಕ್ಕದ ಕಾವಲುಗಾರನ ಕಲ್ಲುಗೂಡಿನಲ್ಲಿ ಕೂತು
ಹುಣಸೆಬೀಜ ಮಾರಿದ್ದೆ, ಆಟಕ್ಕೆ.
ಮೇಷ್ಟ್ರು ಕಿವಿ ಹಿಂಡಿದರು:
ಇದು ಅಂಗಡಿ ಅಲ್ಲ ಕಣೇ, ಇತಿಹಾಸ!
ಒಳಗೆ ಕೂತವರಿಗೆ ಎರಡರದೂ ಒಂದೇ ಸೆಕೆ, ಸಾರ್.

ಹಲಗೆಯ ಅಂಚಿಗೆ ಎರಡು ಗುಳಿ.
ಎರಡಾಣೆ ಕೊಡಲಾರೆನೆಂದವರದು, ಬೀಡಿ ಸಾಲ ಕೇಳಿದವರದು,
ನಂಬರು ಮರೆತು ನಿಂತವರದು,
ಮೊಣಕೈ ಊರಿ ಊರಿ ಸವೆದದ್ದು.
ಹತ್ತೊಂಬತ್ತು ವರ್ಷ ಒಳಗಿನಿಂದ ನಾನು ಕಂಡದ್ದು
ಬರೀ ಮುಖ, ಕತ್ತಿನ ತನಕ,
ಗೋಡೆಗೆ ಹಾಕಿದ ಫೋಟೊದ ಹಾಗೆ.
ಅದಕ್ಕಾಗಿ ಅವರು ಎಷ್ಟು ಬಗ್ಗಬೇಕೆಂದು ಗೊತ್ತಿರಲಿಲ್ಲ.

ಊರಿದೆ. ಬಗ್ಗಿದೆ. ಸೊಂಟ ಹಿಡಿಯಿತು.
ಒಳಗೆ ನನ್ನ ಸ್ಟೂಲು, ಅದರ ಹರಿದ ದಿಂಬು,
ಅಪ್ಪ ರಿಸೀವರ್ ನೇತುಹಾಕುತ್ತಿದ್ದ ಮೊಳೆ.
'ನೂರಕ್ಕೆ ಚಿಲ್ರೆ ಐತೇನ್ರಿ?' ಅಂದೆ, ಸುಮ್ಮನೆ.
ನನ್ನ ದನಿಯನ್ನೇ ತಗಡು
ಸ್ವಲ್ಪ ಒರಟಾಗಿ ವಾಪಸ್ ಕೊಟ್ಟಿತು.

ಬೂದು ಡಬ್ಬಿ ಇನ್ನೂ ಮುಚ್ಚಳ ತೆಗೆಯದೆ ಬಿಸಿಲಿಗಿತ್ತು.
ಹಿಂದಿನಿಂದ ಯಾರೋ,
'ಕೊಟ್ರಕ್ಕ, ಸರದಿ ಯಾರ್ದು?'

ನಂದು, ಅಂದೆ.